ಬಿದ್ದವರ ಪೇಟೆಯಲ್ಲಿ ಗಾಲಿ ಅಂಗಡಿ

ಆ ಮುಂಜಾನೆ ಜಿನುಗು ಮಳೆ ಹಿಡಿದಿತ್ತು. ಮುಗಿಲು ಹಿಟ್ಟು ಜರಡಿ ಹಿಡಿದಷ್ಟು ಸಣ್ಣಗೆ ಉದುರುತ್ತಿತ್ತು, ಪೇಟೆಯ ಕಲ್ಲುಹಾಸು ಎಣ್ಣೆ ಸವರಿದ ಹೆಂಚಿನಂತೆ ಹೊಳೆಯುತ್ತಿತ್ತು. ಇಂಥ ಬೆಳಗೆಂದರೆ ನಮ್ಮೂರಿಗೆ ಲಕ್ಷ್ಮಿ ತಾನಾಗಿ ಹೊಸ್ತಿಲು ದಾಟಿ ಬಂದ ಹಾಗೆ. ಜನ ಹೊತ್ತಿಗೆ ಮುಂಚೆ ಮಿಂದು, ಹಣೆಗೆ ವಿಭೂತಿ ಧರಿಸಿ, ಅಟ್ಟದ ಮೇಲಿನ ಸವೆದ ಚಪ್ಪಲಿ ಇಳಿಸಿ, ದೇವರಿಗೆ ಕೈಮುಗಿದು ಬೀದಿಗೆ ಇಳಿದಿದ್ದರು. ಹಿರಿಯರು ಕಿರಿಯರ ತಲೆ ಮುಟ್ಟಿ, 'ಎಡವಿಕೊಂಡು ಬಾಳು' ಎಂದು ಹರಸುತ್ತಿದ್ದರು.

ನಮ್ಮೂರಲ್ಲಿ ಯಾರು ಎಲ್ಲಿ ಬೀಳುತ್ತಾರೋ ಆ ಜಾಗ ಅವರದು. ಬೀದಿಯಲ್ಲಿ ಬಿದ್ದರೆ ಮೈಯಗಲ, ಸೂರಿನ ಕೆಳಗೆ ಬಿದ್ದರೆ ಸೂರಿನಗಲ. ಬಿದ್ದ ಮೇಲೆ ನೆಲ ಬೆಚ್ಚಗಾಗುವ ತನಕ ಅಲುಗದೆ ಇರಬೇಕು, ಅಷ್ಟೆ. ಹಾಗಾಗಿ ನಮ್ಮಲ್ಲಿ ಬೀಗರು ಬಂದರೂ ಹೊರಗಿನ ಕಟ್ಟೆಯ ಮೇಲೆಯೇ ಕೂರಿಸಿ ಚಹಾ ಕೊಡುತ್ತಾರೆ. ನಡೆಯಲು ಕಲಿಯುವ ಕೂಸುಗಳನ್ನು ತಾಯಂದಿರು ದೊಡ್ಡ ಪೇಟೆಗೇ ಕರೆತಂದು ಬಿಡುತ್ತಾರೆ. ಕೂಸಿನ ಹೆಜ್ಜೆ ಗಟ್ಟಿಯಾದ ದಿನ ಮನೆಯಲ್ಲಿ ಒಂದು ಬಗೆಯ ಸೂತಕ. ಊರಿನ ಅತಿ ದೊಡ್ಡ ಜಮೀನುದಾರ ಕುಡುಕ ದ್ಯಾಮಣ್ಣ. ಎಲ್ಲೆಲ್ಲಿ ತನ್ನದು ಎಂಬುದು ಅವನಿಗೇ ತಿಳಿಯದು. ಚುನಾವಣೆ ಬಂದಾಗ ಮೂರೂ ಪಕ್ಷದವರು ಅವನನ್ನು ಕೈಹಿಡಿದು ಹೆಂಡದಂಗಡಿಗೆ ಕರೆದೊಯ್ದು, ಬರುವಾಗ ಮಾತ್ರ ಕೈಬಿಡುತ್ತಾರೆ.

ಆದರೆ ನೆಲಕ್ಕೆ ಕಣ್ಣಿಲ್ಲದಿದ್ದರೂ ಅರಿವಿದೆ. ಬೇಕೆಂದೇ ಬಿದ್ದರೆ ಅದು ಬೆಚ್ಚಗಾಗದು. ಒಮ್ಮೆ ಪುರಸಭೆಯ ಸದಸ್ಯರೊಬ್ಬರು ಧ್ವಜ ಹಾರಿಸುವ ಹೊತ್ತಿಗೆ ಫೋಟೋದವನನ್ನು ಸಿದ್ಧ ನಿಲ್ಲಿಸಿಕೊಂಡು ಶಾಲೆಯ ಅಂಗಳದಲ್ಲಿ ಉದ್ದಕ್ಕೆ ಬಿದ್ದರು. ನೆಲ ಪರೀಕ್ಷಿಸುವುದಕ್ಕೆ ಪುರಸಭೆ ನೇಮಿಸಿದ ಅಂಗೈ ದುಂಡಪ್ಪ ಬಂದು, ಅಂಗೈ ಊರಿ, ಕಣ್ಣುಮುಚ್ಚಿ, 'ತಣ್ಣಗೈತಿ' ಎಂದ. ಸದಸ್ಯರು ಮಧ್ಯಾಹ್ನದವರೆಗೂ ಮಲಗಿಯೇ ಇದ್ದರು. ಮಕ್ಕಳು ಅವರನ್ನು ಸುತ್ತುಹಾಕಿ ರಾಷ್ಟ್ರಗೀತೆ ಹಾಡಿ ಮನೆಗೆ ಹೋದವು.

ನಾನು ಚೆನ್ನಮಲ್ಲಯ್ಯ. ಮೊದಲು ಮಠದಲ್ಲಿ ಶ್ರಾವಣ ಮಾಸದಲ್ಲಿ ಪುರಾಣ ಹೇಳುತ್ತಿದ್ದೆ. ಬರಬರುತ್ತ ಕೇಳುವವರಿಗೆ ದೊಡ್ಡವರು ಬಿದ್ದ ಪ್ರಸಂಗಗಳಷ್ಟೇ ಬೇಕಾದವು, ಎದ್ದ ಪ್ರಸಂಗ ಬಂದರೆ ಚಾಪೆ ಸುತ್ತಿಕೊಂಡು ಹೋಗುತ್ತಿದ್ದರು. ಆಗ ನನ್ನನ್ನು ಗಾಲಿ ಅಂಗಡಿಯ ಗದ್ದಿಗೆಯ ಮೇಲೆ ಕೂರಿಸಿದವರು ಮೂವರು ಹೆಣ್ಣುಮಕ್ಕಳು. ನನ್ನ ವಿದ್ಯೆಯನ್ನು ನೋಡಿ ಅಲ್ಲ. ಬೆಳಗಿನಿಂದ ಸಂಜೆಯವರೆಗೆ ಒಂದೇ ಕಡೆ ಕೂರುವ ಅಭ್ಯಾಸ ನನಗಿದೆ, ಕೂತವನು ಅಂಗಡಿಯೊಳಗೆ ಬೀಳುವುದಿಲ್ಲ, ಬೀಳದವನಿಂದ ಅಂಗಡಿಗೆ ಅಪಾಯವಿಲ್ಲ. ಶಿವನು ಒಬ್ಬೊಬ್ಬರಿಗೆ ಒಂದೊಂದು ದಾರಿಯಲ್ಲಿ ಅನ್ನ ಕೊಡುತ್ತಾನೆ.

ಆ ಮೂವರಲ್ಲಿ ಖಾನಾವಳಿ ನಡೆಸುವ ಗುರುಸಿದ್ದವ್ವ ದೊಡ್ಡ ಮೈಕಟ್ಟಿನವಳು, ಅವಳ ಮಾತು ಅದಕ್ಕಿಂತ ದೊಡ್ಡದು. ದವಾಖಾನೆಯಲ್ಲಿ ಪಟ್ಟಿ ಕಟ್ಟುವ ಮೆಹರುನ್ನಿಸಾ ಮಾತಾಡುವುದೇ ಕಡಿಮೆ. ಕಾಯಿಪಲ್ಲೆ ಮಾರುವ ತುಳಜವ್ವ ಎಲ್ಲರಿಗಿಂತ ಸಣ್ಣವಳು, ಗಾಳಿಯಂಥವಳು. ಮೂವರೂ ಡರ್ಬಿ ಆಡುವವರು. ಅದು ಗಾಲಿಬೂಟು ತೊಟ್ಟು ದುಂಡಗೆ ಓಡುವ ಆಟ. ಎರಡು ಗುಂಪು. ಒಂದೊಂದು ಗುಂಪಿನಲ್ಲಿ ಒಬ್ಬಳು ಎದುರಿನವರನ್ನು ದಾಟಿ ಮುಂದೆ ಹೋಗಬೇಕು, ಅವರು ಸೊಂಟ, ಭುಜ ಕೊಟ್ಟು ಅವಳನ್ನು ತಡೆಯಬೇಕು. ನಮ್ಮೂರ ಹಳೆಯ ಅಕ್ಕಿ ಗಿರಣಿಯ ಭತ್ತ ಒಣಗಿಸುವ ಸಿಮೆಂಟು ಕಣದಲ್ಲಿ ದಿನಾ ಸಂಜೆ ನಡೆಯುತ್ತಿತ್ತು. ಇವರಷ್ಟು ಬಿದ್ದವರು ನಮ್ಮೂರ ಚರಿತ್ರೆಯಲ್ಲೇ ಇಲ್ಲ. ಲೆಕ್ಕದ ಪ್ರಕಾರ ಊರೆಲ್ಲ ಇವರದಾಗಬೇಕಿತ್ತು. ಆದರೆ ಡರ್ಬಿಯಲ್ಲಿ ಬಿದ್ದವಳು ಕೂಡಲೇ ಏಳಬೇಕು, ಇಲ್ಲವಾದರೆ ಹಿಂದಿನವರ ಗಾಲಿ ಬೆರಳ ಮೇಲೆ ಹರಿಯುತ್ತದೆ. ಅವಳು ಏಳದಿದ್ದರೆ ಪಕ್ಕದಲ್ಲಿರುವವಳು ಕೈಹಿಡಿದು ಎಳೆದುಬಿಡುತ್ತಾಳೆ. ನೆಲ ಬೆಚ್ಚಗಾಗಲು ಪುರಸೊತ್ತೇ ಸಿಗುವುದಿಲ್ಲ. ಹೀಗೆ ಊರಲ್ಲಿ ಎಲ್ಲರಿಗಿಂತ ಹೆಚ್ಚು ಬಿದ್ದವರಿಗೆ ಅಂಗೈಯಗಲ ಜಾಗವೂ ಇರಲಿಲ್ಲ.

ಒಂದೇ ಒಂದು ಸಲ, ಮೂವರೂ ಒಬ್ಬರಿಗೊಬ್ಬರು ಡಿಕ್ಕಿಯಾಗಿ, ಕಣದ ಪಕ್ಕದ ಪಾಳುಬಿದ್ದ ಗಾಣದ ಮನೆಯ ಬಾಗಿಲು ಮುರಿದು ಒಳಗೆ ಬಿದ್ದರು. ಗುರುಸಿದ್ದವ್ವನ ಪಾದ ಉಳುಕಿತ್ತು, ಉಳಿದಿಬ್ಬರು ಅವಳ ಕೆಳಗಿದ್ದರು. ಏಳಲಿಕ್ಕಾಗಲಿಲ್ಲ. ಗಾಣದ ಮನೆ ಅವರದಾಯಿತು. ಅದೇ ಗಾಲಿ ಅಂಗಡಿ.

ಅಂಗಡಿಯಲ್ಲಿ ಗಾಲಿಬೂಟು, ಬಿಡಿ ಗಾಲಿ, ಬೇರಿಂಗು, ಲೇಸು, ಹೆಲ್ಮೆಟ್ಟು ಮಾರುತ್ತೇವೆ. ಮೊಣಕಾಲು ಪ್ಯಾಡನ್ನು ಮೊದಲು ಯಾರೂ ಮೂಸಿ ನೋಡಲಿಲ್ಲ. ಸೂರಿನ ತೊಲೆಯಿಂದ, ಗುಡಿಯಲ್ಲಿ ಗಂಟೆಯ ಹಗ್ಗ ಇಳಿಬಿಟ್ಟಂತೆ, ಸಾಲಾಗಿ ಹಗ್ಗ ಇಳಿಬಿಟ್ಟಿದ್ದೇವೆ. ಬೂಟು ತೊಟ್ಟು ನೋಡುವವರು ಹಗ್ಗ ಹಿಡಿದೇ ನಿಲ್ಲಬೇಕು, ನಿಂತು ಮೆಟ್ಟಿಲಿಳಿದು ಬೀದಿಗೆ ಹೋಗಬೇಕು. ಅಲ್ಲಿ ಅವರ ಅದೃಷ್ಟ. ವ್ಯಾಪಾರಕ್ಕೆ ಕೊರತೆ ಇರಲಿಲ್ಲ. ಯಾಕೆಂದರೆ ಗಾಲಿಯ ಮೇಲೆ ಹತ್ತಿದ ಮನುಷ್ಯನಿಗೆ ಬೀಳುವ ಆಸೆ ಮರೆತು ನಿಲ್ಲುವ ಆಸೆ ಹುಟ್ಟುತ್ತದೆ, ಆ ಆಸೆ ಹುಟ್ಟಿದ ಮೇಲೆ ಬಿದ್ದದ್ದೇ ನಿಜವಾಗಿ ಬಿದ್ದದ್ದು. ಇದನ್ನು ನಾನು ಯಾವ ಪುರಾಣದಲ್ಲೂ ಓದಲಿಲ್ಲ, ಗದ್ದಿಗೆಯ ಮೇಲೆ ಕೂತು ಕಂಡೆ. ತೊಂದರೆ ಏನೆಂದರೆ, ವಾರ ಕಳೆಯುವಷ್ಟರಲ್ಲಿ ಗಿರಾಕಿಗಳು ಬೂಟು ವಾಪಸು ತರುತ್ತಿದ್ದರು.

"ಅಯ್ಯನವರ, ಈ ಬೂಟು ಬೀಳೂದು ಬಿಟ್ಟಾವ್ರಿ. ಬ್ಯಾರೆ ಕೊಡ್ರಿ," ಎನ್ನುತ್ತಿದ್ದರು. ಬೂಟು ಬಿಟ್ಟಿಲ್ಲ, ನೀವು ಕಲಿತಿದ್ದೀರಿ ಎಂದರೆ ಮೋಸವೆಂದು ಜಗಳಕ್ಕೆ ನಿಲ್ಲುತ್ತಿದ್ದರು.

ಆ ಜಿನುಗು ಮಳೆಯ ಮುಂಜಾನೆ ಅಂಗಡಿಗೆ ಬಂದವರು ರಾಚಪ್ಪ ಸಾಹುಕಾರರು. ಹೆಸರಿಗೆ ಸಾಹುಕಾರರು. ಅವರ ಮನೆತನದ್ದೆಲ್ಲ ಗಟ್ಟಿ ಕಾಲು. ಅಜ್ಜ ಬೀಳಲಿಲ್ಲ, ಅಪ್ಪ ಬೀಳಲಿಲ್ಲ, ಇವರು ಕೂಸಾಗಿದ್ದಾಗಲೂ ಗೋಡೆ ಹಿಡಿದೇ ನಡೆಯಲು ಕಲಿತರಂತೆ. ಒಂದು ಕಾಲಕ್ಕೆ ಇಡೀ ಪೇಟೆ ಅವರದಾಗಿತ್ತು. ಅದರಲ್ಲಿ ಒಂದೊಂದೇ ಅಂಗಡಿ, ಒಂದೊಂದೇ ಕಟ್ಟೆ, ಎಡವಿದ ಮುದುಕಿಯರ, ಜಾರಿದ ಹಮಾಲರ, ತಪ್ಪುಹೆಜ್ಜೆಯ ಕೂಸುಗಳ ಪಾಲಾಗಿ, ಕೊನೆಗೆ ವಾಸದ ಮನೆಯೊಂದು ಉಳಿದಿತ್ತು. ಅದರ ಬಾಗಿಲನ್ನು ಅವರು ಹೊರಗಿನವರಿಗೆ ತೆಗೆಯುತ್ತಲೇ ಇರಲಿಲ್ಲ. ಪೇಟೆಯ ತಲೆಯಲ್ಲಿರುವ ನಮ್ಮ ಅಂಗಡಿಯ ಮೇಲೆ ಅವರ ಕಣ್ಣಿದ್ದುದು ಎಲ್ಲರಿಗೂ ಗೊತ್ತಿತ್ತು. ಗಾಣ ಅವರ ಅಜ್ಜನದೇ ಆಗಿತ್ತು.

ಬೂಟು ತೊಟ್ಟರು. ಹಗ್ಗ ಹಿಡಿಯಿರಿ ಎಂದೆ. ನಮ್ಮ ಮನೆಯಲ್ಲಿ ಹಗ್ಗ ಇರುವುದು ಎತ್ತುಗಳಿಗೆ ಮಾತ್ರ ಎಂದರು. ಎದ್ದು ನಿಂತರು. ಮನಸ್ಸಿನಲ್ಲಿ ಏನು ಬಯಸಿ ಬಂದಿದ್ದರೋ, ಗಾಲಿ ಒಮ್ಮೆ ಮುಂದಕ್ಕೆ ಒಮ್ಮೆ ಹಿಂದಕ್ಕೆ ಸರಿದ ಕೂಡಲೇ ಪಾಪ, ಎರಡೂ ಕೈ ಚಾಚಿ, ತಲತಲಾಂತರದ ಗಟ್ಟಿ ಕಾಲನ್ನೆಲ್ಲ ಕೂಡಿಸಿ ನಿಲ್ಲಲು ನೋಡಿದರು. ನಿಲ್ಲಲಾಗಲಿಲ್ಲ. ಜೋಳದ ಚೀಲ ಗಾಡಿಯಿಂದ ಉರುಳಿದ ಹಾಗೆ ನೆಲಕ್ಕೆ ಬಂದರು. ಅವರ ಮುಖವನ್ನು ಆಗ ನೋಡಬೇಕಿತ್ತು. ಲಿಂಗದೀಕ್ಷೆಯಾದ ದಿನವೂ ಆ ಮುಖದಲ್ಲಿ ಅಷ್ಟು ಬೆಳಕು ಇದ್ದಿರಲಾರದು.

ತುಳಜವ್ವ ಪಕ್ಕದಲ್ಲೇ ಕೂತು ಬೇರಿಂಗಿಗೆ ಎಣ್ಣೆ ಬಿಡುತ್ತಿದ್ದಳು. ಯೋಚಿಸಲಿಲ್ಲ, ನೋಡಲಿಲ್ಲ. ಕಣದಲ್ಲಿ ದಿನಾ ಮಾಡುವಂತೆ ಕೈ ಹಾಕಿ ಒಂದೇ ಎಳೆತಕ್ಕೆ ಅವರನ್ನು ಎತ್ತಿ ನಿಲ್ಲಿಸಿಬಿಟ್ಟಳು. ಅದರ ಮೇಲೆ, "ನೋವಾತೇನ್ರಿ ಯಜಮಾನ್ರ?" ಎಂದು ಕೇಳಿದಳು.

ಬಿದ್ದವರನ್ನು ನಮ್ಮೂರಲ್ಲಿ ಹಾಗೆ ಯಾರೂ ಕೇಳುವುದಿಲ್ಲ. ಬಿದ್ದವರಿಗೆ ಸಕ್ಕರೆ ಹಂಚುತ್ತಾರೆ.

ಸಾಹುಕಾರರು ತಮ್ಮ ಕಾಲು ನೋಡಿಕೊಂಡರು, ನೆಲ ನೋಡಿದರು, ಅವಳನ್ನು ನೋಡಿದರು. ಮೆಲ್ಲಗೆ, "ಏನ್ ಮಾಡಿದೆವ್ವಾ ನೀ? ಜಲ್ಮದಾಗ ಒಂದ್ ಸಲ ಬಿದ್ದಿದ್ದೆ," ಎಂದರು.

ಸಾಹುಕಾರರು ಪುರಸಭೆಗೆ ದೂರು ಕೊಟ್ಟರು. ತಮ್ಮ ಪತನ ಕಳುವಾಗಿದೆ, ಕದ್ದವಳು ಮೇಲಾಗಿ ನೋವಾಯಿತೇ ಎಂದು ಕೇಳಿ ಅವಮಾನಿಸಿದ್ದಾಳೆ ಎಂದು. ಸಭೆಗೆ ಊರೇ ನೆರೆದಿತ್ತು. ನೆಲ ಆಗಲೇ ಬೆಚ್ಚಗಾಗಿತ್ತೇ ಎಂದು ಅಧ್ಯಕ್ಷರು ಕೇಳಿದರು. ಅಂದು ಸುದ್ದಿ ಕೇಳಿದ ಕೂಡಲೇ ಅಂಗಡಿಗೆ ಓಡಿಬಂದು ಪರೀಕ್ಷಿಸಿದ್ದ ದುಂಡಪ್ಪ, ಉಗುರುಬೆಚ್ಚಗಿತ್ತು ಎಂದು ಸಾಕ್ಷಿ ಹೇಳಿದ. ಹಾಗಾದರೆ ಬಿದ್ದದ್ದು ನಿಜ, ಕಳುವಾದದ್ದೂ ನಿಜ ಎಂದಾಯಿತು. ಗುರುಸಿದ್ದವ್ವ ಎದ್ದು ನಿಂತು, ಬಿದ್ದವರನ್ನು ಎತ್ತುವುದು ಯಾವ ಊರಲ್ಲಿ ಕಳ್ಳತನವಾಗುತ್ತದೆ ಎಂದು ಕೇಳಿದಳು. ಅಧ್ಯಕ್ಷರು ಬೇಸರವಿಲ್ಲದೆ, ಈ ಊರಲ್ಲಿ ಎಂದರು. ತೀರ್ಪು ಹೀಗಾಯಿತು: ಗಾಲಿ ಅಂಗಡಿಯವರು ಸಾಹುಕಾರರಿಗೆ ಒಂದು ಪತನ ಬಾಕಿ ಇದ್ದಾರೆ. ಅದು ಸಲ್ಲುವವರೆಗೆ ಸಾಹುಕಾರರು ಅಂಗಡಿಗೆ ಯಾವ ಹೊತ್ತಿನಲ್ಲೂ ಬರಬಹುದು. ಅಲ್ಲಿ ಬಿದ್ದವರು ಯಾರೇ ಆಗಲಿ, ಅಂಗಡಿಯವರು ಯಾರಾದರೂ ಅವರನ್ನು ಮುಟ್ಟಿದರೆ ಅಂಗಡಿ ಪುರಸಭೆಯದು. ದುಂಡಪ್ಪ ದಿನವೂ ಅಲ್ಲೇ ಕೂರತಕ್ಕದ್ದು. ಅವನ ಚಹಾ ಅಂಗಡಿಯ ಖರ್ಚು.

ಮಾರನೆಯ ದಿನದಿಂದ ಸಾಹುಕಾರರು ಬರತೊಡಗಿದರು. ಬೂಟು ತೊಟ್ಟು, ಕಣ್ಣುಮುಚ್ಚಿ, ಇಷ್ಟದೈವವನ್ನು ನೆನೆದು, ದೊಪ್ಪನೆ ಬೀಳುತ್ತಿದ್ದರು. ದುಂಡಪ್ಪ ಚಹಾದ ಲೋಟ ಕೆಳಗಿಟ್ಟು, ಅಂಗೈ ಊರಿ, 'ತಣ್ಣಗೈತ್ರಿ' ಎನ್ನುತ್ತಿದ್ದ. ಮತ್ತೆ ಬೀಳುತ್ತಿದ್ದರು. ಬಾಯಲ್ಲಿ ಅಯ್ಯೋ ಎನ್ನುತ್ತ ಬಿದ್ದರು, ಏನೋ ಮರೆತವರಂತೆ ಮುಖ ಮಾಡಿಕೊಂಡು ಬಿದ್ದರು, ನನ್ನೊಡನೆ ಮಾತಾಡುತ್ತ ಮಾತಿನ ನಡುವೆ ಬಿದ್ದರು. ನೆಲ ಗವಿಯೊಳಗಿನ ಕಲ್ಲಿನಂತೆ ತಣ್ಣಗಿತ್ತು. ಗಿರಾಕಿಗಳು ಅವರನ್ನು ಬಳಸಿಕೊಂಡು ಹೋಗಿ ಲೇಸು ಕೊಳ್ಳುತ್ತಿದ್ದರು.

ಒಂದು ಸಂಜೆ ಮೂವರೂ ಗೆಳತಿಯರು ನನ್ನ ಗದ್ದಿಗೆಯ ಮುಂದೆ ಕೂತರು. ಇವತ್ತಲ್ಲ ನಾಳೆ ಮುದುಕ ನಿಜವಾಗಿಯೇ ಬೀಳುತ್ತಾನೆ, ಅಂಗಡಿ ಹೋಗುತ್ತದೆ, ಇದಲ್ಲದೆ ನಮಗೆ ಕಾಲೂರಲು ಬೇರೆ ನೆಲವಿಲ್ಲ ಎಂದು ಮೆಹರುನ್ನಿಸಾ ಹೇಳಿದಳು. ಅವಳು ಅಷ್ಟು ಮಾತಾಡಿದ್ದೇ ದೊಡ್ಡದು. ತಪ್ಪೆಲ್ಲ ತನ್ನ ಕೈಯದು ಎಂದು ತುಳಜವ್ವ ಆ ಕೈಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದಳು. ಗುರುಸಿದ್ದವ್ವ ಎಲೆಅಡಿಕೆ ಅಗಿಯುತ್ತ ಹೇಳಿದಳು:

"ಬೂಟು ವಾಪಸ್ ತಂದು ಜಗಳಾ ಮಾಡತಾರಲ್ಲ ಮಂದಿ, ಹಂಗ ಮಾಡೂಣು. ಮುದುಕಗ ಕಲಿಸಿಬಿಡೂಣು. ಎಷ್ಟು ಛಲೋ ಕಲಿಸೂಣು ಅಂದ್ರ, ದೂಡಿದ್ರೂ ಬೀಳಬಾರದು."

ಇದು ಮೋಸವಲ್ಲವೇ ಎಂದು ನಾನು ಕೇಳಿದೆ. "ವಿದ್ಯಾ ಕೊಡೂದು ಮೋಸೇನ್ರಿ ಅಯ್ಯನವರ? ನೀವ ಹೇಳ್ರಿ, ದೊಡ್ಡ ಪುಣ್ಯ ಅಲ್ಲೇನು?" ಎಂದಳು. ಪುಣ್ಯವನ್ನು ಇಷ್ಟು ಹತ್ತಿರದಿಂದ ಸಂಶಯಪಟ್ಟು ನೋಡುವ ಸಂದರ್ಭ ನನಗೆ ಮೊದಲು ಬಂದಿರಲಿಲ್ಲ.

ಸಾಹುಕಾರರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಬೀಳಬೇಕೆಂದವನು ಬೀಳುವುದಿಲ್ಲ, ನಿಲ್ಲಬೇಕೆಂದವನೇ ಬೀಳುವುದು, ಆದ್ದರಿಂದ ಮೊದಲು ನಿಲ್ಲುವುದನ್ನು ಕಲಿಯಿರಿ ಎಂದು ಗುರುಸಿದ್ದವ್ವ ಹೇಳಿದಳು. ಮಾತು ಸುಳ್ಳಾಗಿರಲಿಲ್ಲ, ಅದೇ ಅದರಲ್ಲಿದ್ದ ಕಪಟ. ಅವರು ಧೋತರದ ಕಚ್ಚೆ ಬಿಗಿದು, ತಲೆಗೆ ಹೆಲ್ಮೆಟ್ಟು ಹಾಕಿ, ಅದರ ಮೇಲೆ ಕುಲದ ಗೌರವಕ್ಕೆಂದು ರುಮಾಲು ಸುತ್ತಿಕೊಂಡು ಕಣಕ್ಕೆ ಇಳಿದರು. ಪೇಟೆಯ ಜನ ಗೋಡೆಯ ಮೇಲೆ ಕೂತು ನೋಡಿದರು.

ಕಣದಲ್ಲಿ ಅವರು ನಿಜವಾಗಿಯೇ ಬಿದ್ದರು. ಬಿದ್ದಾಗಲೆಲ್ಲ ಮುಖ ಅರಳಿಸಿಕೊಂಡು ಮಲಗಲು ನೋಡುತ್ತಿದ್ದರು. ಆದರೆ ಹಿಂದೆ ಗುರುಸಿದ್ದವ್ವ ಕಲ್ಲಿನ ರಥದಂತೆ ಬರುತ್ತಿದ್ದಳು. "ಏಳ್ರಿ ಸಾಹುಕಾರ್ರ, ಬಂದೆ," ಎನ್ನುತ್ತಿದ್ದಳು. ಆ ಎರಡು ಮಾತಿನಲ್ಲಿ ಎಂಥ ಸೋಮಾರಿಗೂ ಮೋಕ್ಷ ಸಿಗುವಷ್ಟು ಸತ್ಯವಿತ್ತು. ಅವರು ಏಳುತ್ತಿದ್ದರು. ಮಗ್ಗುಲಾಗುವುದು, ಕೈಬೆರಳು ಒಳಕ್ಕೆ ಮಡಚುವುದು, ಒಂದು ಮೊಣಕಾಲು ಊರುವುದು, ಬೂಟಿನ ತುದಿಯ ರಬ್ಬರು ನೆಲಕ್ಕೆ ಒತ್ತುವುದು, ಎದ್ದು ಹೋಗುವುದು. ಕಣವೇನು ದೊಡ್ಡ ಆಸ್ತಿ ಎಂದು ಮೊದಮೊದಲು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಅದನ್ನೂ ಹೇಳುವುದು ಬಿಟ್ಟರು.

ಆಷಾಢ ಕಳೆಯಿತು, ಶ್ರಾವಣದ ಸೋಮವಾರಗಳು ಕಳೆದವು. ಸಾಹುಕಾರರು ಅಂಗಡಿಗೆ ಬಂದರೂ ಬೀಳುವುದನ್ನು ಮರೆತು ಹೊಸ ಗಾಲಿಗಳು ಬಂದಿವೆಯೇ ಎಂದು ಕೇಳುವಂತಾದರು. ಮೊಣಕಾಲು ಪ್ಯಾಡು ಕೊಂಡ ಊರಿನ ಮೊದಲ ಗಿರಾಕಿ ಅವರೇ. ಒಮ್ಮೆ ಕಣದಿಂದ ಬಂದು ಕಟ್ಟೆಯ ಮೇಲೆ ಕೂತು, ತಮ್ಮ ಅಪ್ಪ ಸಾಯುವವರೆಗೂ ಯಾರ ಹೆಗಲ ಮೇಲೂ ಕೈಹಾಕಿ ನಡೆಯಲಿಲ್ಲ, ಅದು ನಮ್ಮ ಮನೆಯಲ್ಲಿ ದೊಡ್ಡ ಕೀರ್ತಿ ಎಂದು ನನಗೆ ಹೇಳಿದರು. ಹೇಳಿ ಮೊಣಕಾಲಿನ ಪ್ಯಾಡು ಬಿಚ್ಚತೊಡಗಿದರು. ದುಂಡಪ್ಪನಿಗೆ ಮಾತ್ರ ಚಹಾ ಕುಡಿದು ಕುಡಿದು ಹೊಟ್ಟೆ ಕೆಟ್ಟಿತ್ತು. ಬೇಗ ಬೀಳಿರಿ ಎಂದು ಅವರನ್ನು ದಿನಾ ಬೇಡಿಕೊಳ್ಳುತ್ತಿದ್ದ.

ಭಾದ್ರಪದದ ಒಂದು ಮಧ್ಯಾಹ್ನ. ಬಿಸಿಲು ಕಣ್ಣು ಕುಕ್ಕುವಂತಿತ್ತು. ಕಣದಲ್ಲಿ ಆಡಿ ಬಾಯಾರಿದ ಸಾಹುಕಾರರು, ನೀರಿನ ಹೂಜಿಯ ಮೇಲೆ ಕಣ್ಣಿಟ್ಟು, ಗಾಲಿಬೂಟಿನಲ್ಲೇ ಅಂಗಡಿಯ ಹೊಸ್ತಿಲು ದಾಟಿದರು. ಬಿಸಿಲಿನಿಂದ ಬಂದ ಕಣ್ಣಿಗೆ ಒಳಗಿನದು ಕಾಣಲಿಲ್ಲ. ತುಳಜವ್ವ ಬಿಡಿ ಗಾಲಿಗಳ ಡಬ್ಬಿ ಹೊತ್ತುಕೊಂಡು ಅಡ್ಡ ಬಂದಳು. ಅವಳನ್ನು ತಪ್ಪಿಸಲು ಅವರು ಓರೆಯಾದರು, ಅವಳೂ ಅದೇ ಕಡೆಗೆ ಓರೆಯಾದಳು. ಡಬ್ಬಿ ಹಾರಿತು, ಗಾಲಿಗಳು ಅಂಗಡಿಯ ತುಂಬ ಉರುಳಿದವು, ಇಬ್ಬರೂ ನೆಲದ ಮೇಲಿದ್ದರು.

ದುಂಡಪ್ಪ ಲೋಟ ಎಸೆದು ಬಂದು ಅಂಗೈ ಊರಿದ. ಕಣ್ಣುಮುಚ್ಚಿದ. ಅವನ ಮುಖದ ಮೇಲೆ ಮೆಲ್ಲಗೆ ಬೆಳಕು ಮೂಡಿತು.

"ಅಲ್ಲಾಡಬ್ಯಾಡ್ರಿ ಸಾಹುಕಾರ್ರ. ಬೆಚ್ಚಗಾಗಾಕ ಹತ್ತೈತಿ."

ತುಳಜವ್ವನ ಕಾಲು ಅವಳ ಅಡಿಯಲ್ಲೇ ಮಡಚಿಕೊಂಡಿತ್ತು. ಏಳಲು ಒಮ್ಮೆ ನೋಡಿದಳು, ಆಗಲಿಲ್ಲ. ತುಟಿ ಕಚ್ಚಿಕೊಂಡು ಬಿದ್ದುಕೊಂಡಳು. ಗುರುಸಿದ್ದವ್ವ, ಮೆಹರುನ್ನಿಸಾ ಬಾಗಿಲಿಗೆ ಓಡಿಬಂದವರು ಅಲ್ಲೇ ನಿಂತರು. ಮುಟ್ಟುವಂತಿರಲಿಲ್ಲ. ದಿನಾ ಒಬ್ಬರನ್ನೊಬ್ಬರು ಎತ್ತಿ ಬದುಕಿದವರು ಕೈಗಳನ್ನು ಕಂಕುಳಲ್ಲಿ ಒತ್ತಿ ಹಿಡಿದುಕೊಂಡು ನಿಂತಿದ್ದರು. ನಾನು ಗದ್ದಿಗೆಯಿಂದ ಅರ್ಧ ಎದ್ದವನು ಕೂತೆ. ಕೂತು, ಕೂರುವುದೊಂದನ್ನೇ ಕಲಿಸಿದೆಯಲ್ಲ ತಂದೆ ಎಂದು ಶಿವನನ್ನು ಬೈದೆ. ಬೀದಿಯಲ್ಲಿ ಆಗಲೇ ಜನ ಸೇರಿ, ಯಾರೋ ಸಕ್ಕರೆ ತರಲು ಓಡಿದ್ದರು.

"ಇಬ್ಬರೂ ಹಿಂಗ ಇದ್ರ ಅರ್ಧಾ ನಿಮ್ದು," ಎಂದು ದುಂಡಪ್ಪ ಅಂಗೈ ತೆಗೆಯದೆ ಲೆಕ್ಕ ಹೇಳಿದ. "ಆಕಿ ಎದ್ರ ಪೂರಾ ನಿಮ್ದ. ಇನ್ನೊಂಚೂರು, ಸಾಹುಕಾರ್ರ. ಒಂದು ವೀಳ್ಯಾ ಮಡಚೂವಷ್ಟು ಹೊತ್ತು."

ಸಾಹುಕಾರರು ಅಂಗಾತ ಬಿದ್ದಿದ್ದರು. ಅವರ ಅಜ್ಜ ಹಾಕಿಸಿದ ತೊಲೆಗಳು ಅವರ ಕಣ್ಣ ನೇರಕ್ಕೇ ಇದ್ದವು. ಆ ಹೊತ್ತಿನಲ್ಲಿ ಅವರ ಮನಸ್ಸಿನಲ್ಲಿ ಏನು ನಡೆಯಿತು ಎಂಬ ಬಗ್ಗೆ ಊರಲ್ಲಿ ಇಂದಿಗೂ ಎರಡು ಪಂಗಡ. ಅದೇನು ಔದಾರ್ಯವಲ್ಲ, ಕಣದಲ್ಲಿ ಬಿದ್ದು ಎದ್ದು ಹತ್ತಿದ ಚಟ, ಬರೀ ರೂಢಿ ಎಂದು ಪೇಟೆಯವರು ಹೇಳುತ್ತಾರೆ. ಮಠದಲ್ಲಿ ಅದನ್ನೇ ಧರ್ಮವೆಂದು ಹೇಳುತ್ತಾರೆ. ಬಹಳ ದಿನ ಮಾಡಿದ ಒಳ್ಳೆಯ ರೂಢಿಗೆ ಧರ್ಮವೆಂಬ ಹೆಸರೋ, ಎರಡರ ನಡುವೆ ಗೆರೆ ಎಲ್ಲಿದೆಯೋ, ನಾನು ಹೇಳಲಾರೆ. ನಾನು ಕಂಡದ್ದನ್ನಷ್ಟೇ ಹೇಳಬಲ್ಲೆ.

ಅವರು ಮಗ್ಗುಲಾದರು. ಕೈಬೆರಳು ಒಳಕ್ಕೆ ಮಡಚಿದರು. ಒಂದು ಮೊಣಕಾಲು ಊರಿದರು. ದುಂಡಪ್ಪ ಊರಿದ್ದ ಅಂಗೈಯನ್ನು ಇನ್ನಷ್ಟು ಒತ್ತಿದ. ಬೂಟಿನ ತುದಿಯ ರಬ್ಬರನ್ನು ನೆಲಕ್ಕೆ ಒತ್ತಿ ಅವರು ಎದ್ದು ನಿಂತರು. ನಿಂತು, ಓರೆಯಾಗಿದ್ದ ರುಮಾಲು ಸರಿಮಾಡಿಕೊಂಡರು. ಯಾರ ಮುಖವನ್ನೂ ನೋಡಲಿಲ್ಲ. ಚೆದುರಿ ಬಿದ್ದಿದ್ದ ಗಾಲಿಗಳ ನಡುವೆ ಎರಡು ಹೆಜ್ಜೆ ಸರಿದು, ಸ್ವಲ್ಪ ಬಾಗಿ, ತುಳಜವ್ವನ ಕಡೆಗೆ ಕೈ ಚಾಚಿದರು.

ಅವಳು ಹಿಡಿದುಕೊಂಡಳು.